ಐರಾಣಿ ಗಡಿಗೆಗೆ ನೀರು ತುಂಬಿದವಳು

ಮೈಕ್ ಕೈಗೆ ಸಿಕ್ಕರೆ ಬಿಡುವವಳಲ್ಲ ನಾನು. ಮೈಸೂರಿನ ಒಂದು ಮ್ಯೂಸಿಯಮ್ಮಿನಲ್ಲಿ ಆರು ವರ್ಷ ನನಗೆ ಅದೇ ಕೆಲಸ. ಹಳೆಯ ಕಸುಬುಗಳನ್ನು ಜನರ ಕಣ್ಣೆದುರಿಗೇ ಮಾಡಿ ತೋರಿಸುವ ಜಾಗ ಅದು. ಕಸುಬಿನವರು ಕೆಲಸ ಮಾಡುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು ವಿವರಿಸಬೇಕು. ನಜರ್‌ಬಾದಿನ ಮನೆಯಿಂದ ಸ್ಕೂಟರಿನಲ್ಲಿ ಹೊರಟರೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಿದ್ದೆ.

ಗಾಜು ಊದುವವರ ಮುಂದೆ ಯಾವಾಗಲೂ ನೂಕುನುಗ್ಗಲು. ಉರಿಯಲ್ಲಿ ಗಾಜಿನ ಕೊಳವೆ ಕೆಂಪಗಾಗಿ, ಅವರು ಕೆನ್ನೆ ಉಬ್ಬಿಸಿ ಊದಿದರೆ ನೋಡನೋಡುತ್ತಲೇ ಹಂಸ ಸಿದ್ಧ. ಮಕ್ಕಳು ಅದೇ ಬೇಕೆಂದು ರಚ್ಚೆ ಹಿಡಿಯುತ್ತಿದ್ದವು. ಪಕ್ಕದ ಗುಡಿಸಲಿನ ಕುಂಬಾರ ಯಜಮಾನರಿಗೆ ಆ ಭಾಗ್ಯವಿಲ್ಲ. ತಿಗರಿಯ ಮೇಲೆ ಮಡಕೆ ಏಳುವಷ್ಟು ಹೊತ್ತು ನೋಡಿ ಜನ ಮುಂದೆ ಹೋಗುತ್ತಿದ್ದರು. ಅದು ಒಣಗುವುದನ್ನು ನಿಂತು ನೋಡಲು ಯಾರಿಗೆ ಪುರಸೊತ್ತು? ಹೊಗೆ ಹಾಕುವಂತಿಲ್ಲವಾದ್ದರಿಂದ ಮಡಕೆ ಸುಡುವ ಆವಿಗೆಯೂ ಅಲ್ಲಿರಲಿಲ್ಲ. ಆ ದಿನ ಮಾಡಿದ್ದನ್ನೆಲ್ಲ ಅವರು ಸಂಜೆಗೆ ಮತ್ತೆ ಮಣ್ಣಿಗೆ ಕಲಸಿಬಿಡುತ್ತಿದ್ದರು.

ಒಂದು ಸಲ ಮಾತ್ರ ಕಲಸಲಿಲ್ಲ. ಮೊಮ್ಮಗಳ ಮದುವೆ ಗೊತ್ತಾಗಿತ್ತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಐರಾಣಿ ಗಡಿಗೆಗಳಿಲ್ಲದೆ ಮದುವೆಯಿಲ್ಲ. ಮದುವೆ ಮನೆಯವರು ವಾದ್ಯ ಸಮೇತ ಕುಂಬಾರರ ಮನೆಗೆ ಹೋಗಿ, ಪೂಜೆ ಮಾಡಿ, ತಲೆಯ ಮೇಲೆ ಹೊತ್ತು ತರುತ್ತಾರೆ. ಸುತ್ತಿನ ಊರುಗಳಿಗೆಲ್ಲ ಐರಾಣಿ ಹೋಗುತ್ತಿದ್ದುದು ಈ ಯಜಮಾನರ ಮನೆಯಿಂದ. ಈಗ ಸ್ವಂತ ಮೊಮ್ಮಗಳಿಗೆ! ಒಳ್ಳೆಯ ದಿನ ನೋಡಿ, ಒಂದೇ ಹದದ ಮಣ್ಣಿನಲ್ಲಿ ಶಾಸ್ತ್ರಕ್ಕೆ ಬೇಕಾದ ಅಷ್ಟೂ ಗಡಿಗೆಗಳನ್ನು ಮಾಡಿದರು. ಒಂದು ಹಾಳಾದರೂ ಉಳಿದವು ಶಾಸ್ತ್ರಕ್ಕೆ ಬರುವುದಿಲ್ಲ ಎಂಬುದು ಅವರ ಮನೆಯ ಕಟ್ಟು. ಗುಡಿಸಲಿನ ಹಿಂದೆ ನೆರಳಿನಲ್ಲಿ ಒಣಗಿಸಿ, ಕೆಮ್ಮಣ್ಣು ಬಳಿದು, ನಯವಾಗಿ ಉಜ್ಜಿ ಇಟ್ಟರು. ಊರಿಗೆ ಒಯ್ದು ಸುಡುವುದೊಂದು ಬಾಕಿ. ಇದೆಲ್ಲವನ್ನೂ ಅವರೇ ನನಗೆ ಹೇಳಿದ್ದರು. ಹೇಳುವಾಗ ನಾನು ಇದನ್ನು ಮೈಕಿನಲ್ಲಿ ಹೇಗೆ ಚೆನ್ನಾಗಿ ಹೇಳಲಿ ಎಂದು ಯೋಚಿಸುತ್ತಿದ್ದೆ. ಸುಡುವ ಮಾತು ಕಿವಿಗೇ ಬೀಳಲಿಲ್ಲ.

ಒಂದು ಬೆಳಿಗ್ಗೆ ದೊಡ್ಡ ಅತಿಥಿಯೊಬ್ಬರು ಬರುವವರಿದ್ದರು. ಪೂರ್ಣಕುಂಭದ ಸ್ವಾಗತ ಆಗಲಿ ಎಂದು ನನಗೇ ಹೊಳೆಯಿತು. ಯಜಮಾನರು ಇನ್ನೂ ಬಂದಿರಲಿಲ್ಲ. ಹಿಂದೆ ಹೋಗಿ ನೋಡಿದರೆ ಕೆಂಪಗೆ ಮಿಂಚುವ ಗಡಿಗೆಗಳು. ಕೇಳಿದ್ದರೂ ಬೇಡ ಅನ್ನುತ್ತಿರಲಿಲ್ಲ, ಆಮೇಲೆ ತೊಳೆದಿಟ್ಟರಾಯಿತು ಎಂದುಕೊಂಡು ಒಂದನ್ನು ಎತ್ತಿ ತಂದೆ. ನೀರು ತುಂಬಿ, ಮಾವಿನೆಲೆ ಇಟ್ಟು, ತೆಂಗಿನಕಾಯಿ ಕೂರಿಸಿ ಬಾಗಿಲಲ್ಲಿಟ್ಟೆ. ಅತಿಥಿಗಳು ಕಾರಿನಿಂದ ಇಳಿಯುವಷ್ಟರಲ್ಲಿ ಗಡಿಗೆಯ ತಳ ಮೆತ್ತಗಾಗಿ ಕುಸಿಯಿತು. ಕಾಯಿ ಉರುಳಿತು, ಕೆಸರು ಮೆಟ್ಟಿಲಿಗೆ ಹರಿಯಿತು. ಯಾರೋ ನಕ್ಕರು. ಆರು ವರ್ಷ ಮಡಕೆಯ ಬಗ್ಗೆ ಭಾಷಣ ಬಿಗಿದವಳಿಗೆ ಹಸಿ ಮಡಕೆ ಯಾವುದು, ಸುಟ್ಟ ಮಡಕೆ ಯಾವುದು ಗೊತ್ತಿರಲಿಲ್ಲ. ಆಗಲೂ ನನ್ನ ಮರ್ಯಾದೆಯದೇ ಚಿಂತೆ, ಬೇಗ ಬೇಗ ಒರೆಸಿಸಿದೆ. ಥೂ, ನನ್ನ ಬುದ್ಧಿಗಿಷ್ಟು!

ಯಜಮಾನರು ಬಂದವರು ಮೆಟ್ಟಿಲ ಸಂದಿಯಲ್ಲಿ ಉಳಿದಿದ್ದ ಕೆಸರನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಇನ್ನೂ ಸುಟ್ಟಿರ್ಲಿಲ್ಲ ಕಣಮ್ಮ" ಅಂದರು, ಅಷ್ಟೇ. ಮದುವೆಗೆ ವಾರವೂ ಇರಲಿಲ್ಲ. ಹೊಸದಾಗಿ ಮಾಡಿ, ಒಣಗಿಸಿ, ಸುಡಲು ಅಷ್ಟು ದಿನ ಸಾಲದು. ಉಳಿದ ಗಡಿಗೆಗಳನ್ನು ಆ ಸಂಜೆ ನೀರಿಗೆ ಹಾಕಿ ಮಣ್ಣು ಮಾಡಿದರು. ಗಾಜು ಊದುವವರು ತಮ್ಮ ಉರಿ ಆರಿಸಿ ಬಂದು ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ನಾನು ಆಫೀಸಿನಲ್ಲಿ ಅತಿಥಿಗಳ ಫೋಟೊ ಆರಿಸುತ್ತಿದ್ದೆ.

ಇಷ್ಟಾದರೂ ಮದುವೆಗೆ ನನ್ನನ್ನು ಕರೆದರು. ಹೋಗದಿದ್ದರೆ ತಪ್ಪಾಗುತ್ತದೆಂದು ಹೋದೆ. ಐರಾಣಿ ಬೇರೆ ಊರಿನ ಕುಂಬಾರರ ಮನೆಯಿಂದ ಬಂದಿತ್ತು, ಚಪ್ಪರದ ತುಂಬ ಅದೇ ಗುಸುಗುಸು. ಬೀಗರ ಕಡೆಯ ಹಿರಿಯರೊಬ್ಬರು ನನ್ನೆದುರಿಗೇ ಯಜಮಾನರನ್ನು ಕೇಳಿದರು, "ಏನ್ರೀ, ಸ್ವಂತ ಮೊಮ್ಮಗಳ್ ಮದ್ವೆಗೇ ನಿಮ್ ಕೈಲಿ ಆಗ್ಲಿಲ್ವಾ?"

"ವಯಸ್ಸಾಯ್ತಲ್ಲ, ಹದ ತಪ್ಬುಡ್ತು" ಅಂದರು ಯಜಮಾನರು. ಆಮೇಲೆ ನನ್ನನ್ನು ತೋರಿಸಿ, "ಇವ್ರು ನಮ್ ಮ್ಯೂಸಿಯಮ್ಮಿನೋರು. ಮಡಕೆ ವಿಷ್ಯ ಇವ್ರಿಗೆ ಗೊತ್ತಿಲ್ದೇ ಇರೋದು ಯಾವ್ದೂ ಇಲ್ಲ" ಎಂದು ಪರಿಚಯ ಮಾಡಿಕೊಟ್ಟರು. ಮಾತಿನಲ್ಲಿ ಕೊಂಕಿರಲಿಲ್ಲ.

ಹಾಳು ಮಾಡಿದವಳು ನಾನು ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆ ಹಿರಿಯರು ನನಗೆ ಕೈಮುಗಿದರು. ನಾನೂ ಮುಗಿದೆ. ಊಟ ಮಾಡಿ, ತಾಂಬೂಲ ತೆಗೆದುಕೊಂಡು ಬಂದುಬಿಟ್ಟೆ.

ಮೊನ್ನೆ ಗಾಜು ಊದುವವರು ಸಿಕ್ಕಿದ್ದರು. ಈಗ ಐರಾಣಿಗೆಂದು ಯಾರೂ ಯಜಮಾನರ ಮನೆಗೆ ಬರುವುದಿಲ್ಲವಂತೆ. ಅವರ ಕೈ ಕೆಟ್ಟಿದೆ ಅನ್ನುತ್ತಾರಂತೆ ಊರಿನವರು.