ಗುಡ್ಡೆಯ ಮೇಲಿನ ಚಹಾದ ಗ್ಲಾಸು

ಅರವತ್ತರ ದಶಕದಲ್ಲಿ ಕೊಟ್ಟಾರದಲ್ಲೊಬ್ಬರು ಮೆಕ್ಯಾನಿಕ್ ಬ್ಯಾರಿಗಳಿದ್ದರು. ಏನು ಕೇಳಿದರೂ ಸೊಂಟಕ್ಕೆ ಕೈ ಕೊಟ್ಟು, "ನೋಡುವ, ಅವಸರ ಎಂತದ್ದು" ಎನ್ನುತ್ತಿದ್ದರು. ಆ ಸೊಂಟ ಕೆಟ್ಟು ವರ್ಷಗಳಾಗಿದ್ದವು. ತಮ್ಮ ಹಳೇ ಟ್ರ್ಯಾಕ್ಟರನ್ನು ಮಾರಿ, ಗ್ಯಾರೇಜು ಮುಚ್ಚಿ, ಮನೆಯಲ್ಲಿ ಮಲಗಬೇಕೆಂಬುದೊಂದೇ ಅವರ ಆಸೆ.

ನಮ್ಮಮ್ಮನಿಗೆ ದನಗಳಿಗಾಗಿ ಗುಡ್ಡೆಯ ಹುಲ್ಲು ಕತ್ತರಿಸಲು ಟ್ರ್ಯಾಕ್ಟರ್ ಬೇಕಿತ್ತು. ಕೈಯಲ್ಲಿದ್ದ ದುಡ್ಡಿಗೆ ಸಿಗುವುದು ಬ್ಯಾರಿಗಳದ್ದೊಂದೇ. ಬ್ಯಾರಿಗಳು ಅದನ್ನು ಓಡಿಸಿಕೊಂಡು ಬಂದು ಕೆಳಗೆ ನಿಲ್ಲಿಸಿ, ಏದುಸಿರು ಬಿಡುತ್ತ ಅರ್ಧ ಗುಡ್ಡೆ ಹತ್ತಿದರು. ಅಮ್ಮ ಕೊಟ್ಟ ಚಹಾದ ಗ್ಲಾಸನ್ನು ಹುಲ್ಲಿನ ಮೇಲಿಟ್ಟರು. ಅದು ಮಗುಚಿತು.

"ನನ್ನದು ಬೇಡ ಬಾಯಮ್ಮ. ಎತ್ತರದ ಗಾಡಿ, ಇಲ್ಲಿ ಅಡ್ಡ ಹೋದರೆ ಹೀಗೇ ಮಗುಚ್ತದೆ. ನಿಮಗೆ ತಗ್ಗಿನದ್ದು ಬೇಕು, ಚಕ್ರ ಅಗಲಕ್ಕೆ ಇರುವಂಥದ್ದು."

"ಅದಕ್ಕೆ ದುಡ್ಡು ಎಲ್ಲುಂಟು ಬ್ಯಾರಿಗಳೇ?"

"ಹಾಗಾದರೆ ಈ ವರ್ಷ ಕತ್ತಿಯಲ್ಲೇ ಕೊಯ್ಯಿಸಿ."

"ಒಳ್ಳೆ ವ್ಯಾಪಾರಿ ಮಾರಾಯ್ರೆ ನೀವು" ಎಂದು ಅಮ್ಮ ನಕ್ಕರು. ಬ್ಯಾರಿಗಳು ಸೊಂಟ ಹಿಡಿದುಕೊಂಡು ಇಳಿದು, ಟ್ರ್ಯಾಕ್ಟರ್ ಹತ್ತಿ ಹಿಂದಿರುಗಿದರು.

ಮರುದಿನ ನಾನು ಪೇಟೆಗೆ ಹೋಗುವಾಗ ಅದು ಗ್ಯಾರೇಜಿನೆದುರು ಮೊದಲಿನ ಜಾಗದಲ್ಲೇ ಇತ್ತು. ಅವರು ಅದರಡಿ ಮಲಗಿ ಬೋಲ್ಟು ಬಿಗಿಯುತ್ತಿದ್ದರು.

"ಇನ್ನು ಯಾರಿಗೆ ಮಾರ್ತೀರಿ?" ಎಂದೆ.

"ನೋಡುವ" ಎಂದಿತು ಅಡಿಯಿಂದ ದನಿ, "ಅವಸರ ಎಂತದ್ದು."