ಆರತಿ ಬೆಳಗಿಸಿಕೊಂಡ ಮೃತ್ಯುಪತ್ರ

ಮ್ಹಾಪಸಾ ಊರಿನ ಪೇಟೆಯಲ್ಲಿ ನಮ್ಮದೊಂದು ಚಾದರದ ಅಂಗಡಿ. ಮಕ್ಕಳಿಲ್ಲ, ನಾನು, ಹೆಂಡತಿ ಇಬ್ಬರೇ ಕೂತು ನಡೆಸುತ್ತೇವೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿಯ ಕೀಲಿಕೈ, ಗಜಕೋಲುಗಳ ಪಕ್ಕದಲ್ಲಿ ನನ್ನ ಆಸ್ತಿ ಯಾರಿಗೆಂದು ಬರೆದಿಟ್ಟ ಮೃತ್ಯುಪತ್ರವೂ ಕೆಂಪು ವಸ್ತ್ರ ಸುತ್ತಿಕೊಂಡು ವಿರಾಜಮಾನವಾಗುತ್ತಿತ್ತು. ಅರಿಷಿಣ, ಕುಂಕುಮ, ಪೇಡೆಯ ನೈವೇದ್ಯ, ಹೆಂಡತಿಯಿಂದ ಆರತಿ. ಆಮೇಲೆ ವರ್ಷವಿಡೀ ದೇವರ ಜಗಲಿಯ ಮೇಲೆ ವಿಶ್ರಾಂತಿ. ಮೃತ್ಯುಪತ್ರ ಮಾಡಿಸದ ನೆರೆಯ ಅಂಗಡಿಯವರಿಗೆ ನಾನು ಚಹಾ ಕುಡಿಯುತ್ತ ಉಪದೇಶ ಮಾಡುತ್ತಿದ್ದೆ. ಅದನ್ನು ಬಿಚ್ಚಿ ಓದುವ ಉದ್ಧಟತನವನ್ನು ಮಾತ್ರ ಮನೆಯಲ್ಲಿ ಯಾರೂ ಮಾಡಿರಲಿಲ್ಲ.

ಹೋದ ವರ್ಷ ಪೇಡೆಯ ಜಾಡು ಹಿಡಿದ ಇರುವೆಗಳು ಆ ವಸ್ತ್ರದೊಳಗೆ ಸಂಸಾರ ಹೂಡಿದವು. ಹೆಂಡತಿ ಜಾಡಿಸಲೆಂದು ಬಿಚ್ಚಿದಳು. ಜಾಡಿಸಿದಳು. ಆಮೇಲೆ ಓದಿದಳು.

"ಏನ್ರೀ, ಅಂಗಡಿ, ಮನಿ, ಸೈಕಲ್ಲು, ಎಲ್ಲಾ ನಿಮ್ಮ ಅಣ್ಣಗ ಬರದೀರಲ್ಲ?"

"ಅದು ಲಗ್ನಕ್ಕ ಮೊದಲ ಬರದದ್ದು. ವಿಷಮಜ್ವರ ಬಂದಿತ್ತು. ಅಣ್ಣ ಊರಿಂದ ಬಂದು ಗಂಜಿ ಕುಡಿಸಿದ್ದ."

"ಮೂವತ್ತು ವರ್ಷ ನಾ ಏನ್ ಕುಡಿಸೀನ್ರಿ, ವಿಷಾನ?"

ಅಣ್ಣ ಭಾಳ ಒಳ್ಳೆಯವನು, ನಿನ್ನನ್ನು ಹೊರಗೆ ಹಾಕುವವನಲ್ಲ ಎಂದು ವಾದ ಹೂಡಿದೆ.

"ಅವರು ಹಾಕೂದಿಲ್ರಿ, ಖರೇ. ಅವರ ಮಕ್ಕಳು? ನೀವು ಹ್ವಾದ ಮ್ಯಾಲ ನನ್ನ ಅಂಗಡ್ಯಾಗ ನಾ ಕೂಡಾಕ ಅವರನ್ನ ಕೇಳಬೇಕೇನು? ಯಾವಾಗೋ ಕಳುವಾದ ಆ ಸೈಕಲ್ ಬೇಕಾದ್ರ ಕೊಡ್ರಿ ಅವರಿಗೆ."

ತನ್ನನ್ನು ಅಂಗಡಿಯ ಗಾದಿಯಿಂದ ಎಬ್ಬಿಸುವ ಕಾಗದಕ್ಕೆ ಅವಳು ಮೂವತ್ತು ದೀಪಾವಳಿ ತಾನೇ ಆರತಿ ಬೆಳಗಿದ್ದಳು. ಪಕ್ಕದಲ್ಲಿ ನಾನು ಗಂಭೀರವಾಗಿ ಗಂಟೆ ಬಾರಿಸಿದ್ದೆ.

ಮರುದಿನವೇ ವಕೀಲರ ಬಳಿ ಹೋದೆವು. ಮೂಲೆಗಳಿಗೆಲ್ಲ ಅರಿಷಿಣ ಹತ್ತಿದ ಕಾಗದವನ್ನು ಕೈಗಿಟ್ಟಾಗ ಅವರು, ಮದುವೆ ಯಾರದು ಎಂದು ಕೇಳಿದರು. ಓದಿದ ಮೇಲೆ ನಗಲಿಲ್ಲ. ಮನೆಯಲ್ಲಿ ಮದುವೆಯೋ ಸಾವೋ ಆದಾಗ, ಆಸ್ತಿ ಬಂದಾಗ, ಹೋದಾಗ ಒಮ್ಮೆ ತೆಗೆದು ಓದಬೇಕು ಎಂದರು. ಅಂಗಡಿ, ಮನೆ ಹೆಂಡತಿಗೆ ಎಂದು ಹೊಸದು ಬರೆಸಿ, ಸಾಕ್ಷಿಗಳೆದುರು ಸಹಿ ಹಾಕಿ, ನೋಂದಣಿ ಮಾಡಿಸಿದೆ. ಅಣ್ಣನಿಗೆ ನಾನೇ ಫೋನಿನಲ್ಲಿ ತಿಳಿಸಿದೆ. ಹಳೆಯದೊಂದು ಇತ್ತೆಂಬುದೇ ಅವನಿಗೆ ಮರೆತುಹೋಗಿತ್ತು. ಚಾದರ ಕಳಿಸು ಎಂದ.

ಮನೆಗೆ ಬಂದವನೇ ಅಭ್ಯಾಸಬಲದಿಂದ ಕೆಂಪು ವಸ್ತ್ರಕ್ಕೆ ಕೈ ಹಾಕಿದೆ. ಹೆಂಡತಿ ಕಾಗದ ಕಸಿದುಕೊಂಡಳು.

"ದೇವರ ಹತ್ರ ಬ್ಯಾಡ್ರಿ. ಕರೆಂಟ್ ಬಿಲ್ಲಿನ ಫೈಲಿನ್ಯಾಗ ಇಡತೇನಿ. ಅದನ್ನಾದ್ರ ತಿಂಗಳಾ ತಿಂಗಳಾ ತಗದು ಓದ್ತೀರಿ, ಬಿಲ್ಲಿಗೆ ಬೈಯಾಕಾದ್ರೂ."