ಮೇಷ್ಟ್ರು ಬಿಟ್ಟ ಬಾಲಗಳು

ಒಂದು ಚುಕ್ಕೆಯ ಸುತ್ತ ಗೆರೆ ಎಳೆದು ಮುಗಿಸುವವರೆಗೆ ಮೇಷ್ಟ್ರು ಉಸಿರು ಬಿಡುತ್ತಿರಲಿಲ್ಲ. ಬಲಗೈಯ ಕಿರುಬೆರಳನ್ನು ಮೇಜಿಗೆ ಊರಿ, ಮಣಿಕಟ್ಟು ಅಲುಗಿಸದೆ, ಮೌಸನ್ನು ಭುಜದಿಂದಲೇ ಸರಿಸುತ್ತಿದ್ದರು. ಚುಕ್ಕೆ ದೊಡ್ಡದಾಗಿದ್ದರೆ ಕುತ್ತಿಗೆಯ ನರ ಉಬ್ಬಿ ಮುಖ ಕೆಂಪಾಗುತ್ತಿತ್ತು. ಗೆರೆಯ ಕೊನೆ ತನ್ನ ಮೊದಲನ್ನು ಮುಟ್ಟಿದ ಕ್ಷಣ ಗುಂಡಿಯಿಂದ ಬೆರಳೆತ್ತಿ, ಬಾವಿಯಿಂದ ಕೊಡ ಮೇಲೆತ್ತಿದವರಂತೆ ‘ಹಾ’ ಎನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸು. ಹಾಸನದ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಾನು ಆಲೂಗೆಡ್ಡೆಯ ಅಂಗಮಾರಿ ರೋಗದ ಮೇಲೆ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೆ. ಕೆಲಸ ಹೇಳಲು ಸುಲಭ. ರೋಗ ತಗುಲಿದ ಎಲೆಯನ್ನು ಸ್ಕ್ಯಾನರಿನ ಗಾಜಿನ ಮೇಲಿಟ್ಟು ಚಿತ್ರ ತೆಗೆಯಬೇಕು. ಪರದೆಯ ಮೇಲೆ ಕಂದು ಚುಕ್ಕೆಯೊಂದೊಂದರ ಸುತ್ತಲೂ ಗೆರೆ ಎಳೆಯಬೇಕು. ಗೆರೆಯೊಳಗಿನ ಜಾಗ ಎಷ್ಟು, ಎಲೆಯಲ್ಲಿ ಸತ್ತ ಪಾಲು ಎಷ್ಟು ಎಂದು ತಂತ್ರಾಂಶ ಹೇಳುತ್ತದೆ. ಗೆರೆ ಸರಿಯಾಗಿದ್ದರೆ ಲೆಕ್ಕ ಸರಿ. ನನ್ನ ಕೈ ನಡುಗುತ್ತಿತ್ತು. ಅದಕ್ಕೆ ಅವರು.

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕಂಪ್ಯೂಟರ್ ಬರುವ ಮೊದಲು, ತೊಂಬತ್ತರ ದಶಕದಲ್ಲಿ, ನಮ್ಮ ಕೇಂದ್ರದವರು ಎಲೆಯನ್ನು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಂಡು ಚೌಕ ಎಣಿಸುತ್ತಿದ್ದ ಕಾಲಕ್ಕೇ ಅವರನ್ನು ಕರೆಸಿಕೊಂಡಿದ್ದರಂತೆ. ಸ್ಕ್ಯಾನರ್ ಬಂದಾಗ ಇನ್ನು ಬರುವುದು ಬೇಡ ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಬೆಳಗಿನ ರೈಲಿಗೆ ಬರುತ್ತಿದ್ದರು. ನೀಲಿ ಗೆರೆಯ ಅಂಗಿ ಎಂದು ಬರೆಯಲು ಹೊರಟೆ. ಖಾತ್ರಿಯಿಲ್ಲ. ಅವರ ಬಗ್ಗೆ ಬರೆಯುವಾಗ ಖಾತ್ರಿಯಿಲ್ಲದ್ದನ್ನು ಬಿಟ್ಟುಬಿಡುವುದೇ ಮೇಲು.

ಖಾತ್ರಿಯಿರುವುದು ಇಷ್ಟು. ಗೆರೆ ಸ್ವಲ್ಪ ಜಾರಿದರೂ ಇಡೀ ಗೆರೆಯನ್ನೇ ಅಳಿಸಿ ಮೊದಲಿಂದ ಎಳೆಯುತ್ತಿದ್ದರು. “ಗೆರೆ ತಿದ್ದಬಾರದಮ್ಮಾ. ತಿದ್ದಿದ ಗೆರೆ ಸುಳ್ಳು ಹೇಳೋ ಸಾಕ್ಷಿ ಇದ್ದ ಹಾಗೆ, ಕೇಳಿದಷ್ಟೂ ತಡವರಿಸುತ್ತೆ” ಅನ್ನುತ್ತಿದ್ದರು. ಅವರ ಚುಕ್ಕೆಗಳು ನೋಡಲು ಎಷ್ಟು ಚೆನ್ನಾಗಿದ್ದವೆಂದರೆ ನನ್ನ ಮಾರ್ಗದರ್ಶಕರು ಬಂದವರಿಗೆಲ್ಲ ತೋರಿಸುತ್ತಿದ್ದರು. “ನೋಡ್ರೀ, ರೋಗಕ್ಕೂ ಒಂದು ಲಕ್ಷಣ ಕೊಟ್ಟಿದ್ದಾರೆ ನಮ್ಮ ಮೇಷ್ಟ್ರು.”

ಇನ್ನೂರು ಚಿಲ್ಲರೆ ಎಲೆ ಮುಗಿಯಿತು. ನಾವು ಪರೀಕ್ಷಿಸುತ್ತಿದ್ದದ್ದು ಎರಡು ತಳಿ. ಎಲ್ಲರೂ ಬೆಳೆಯುವ ಹಳೆಯದು, ಹೊಸದಾಗಿ ಬಂದದ್ದು. ಲೆಕ್ಕದಲ್ಲಿ ಹೊಸ ತಳಿ ರೋಗವನ್ನು ಚೆನ್ನಾಗಿ ತಡೆದಿತ್ತು. ಅಧ್ಯಾಯ ಟೈಪಾಯಿತು. ನನ್ನ ಫೆಲೋಶಿಪ್ ಮುಗಿಯಲು ಮೂರು ವಾರವಿತ್ತು, ಅಷ್ಟರೊಳಗೆ ಪ್ರಬಂಧ ಒಪ್ಪಿಸಬೇಕಿತ್ತು.

ಆ ವಾರ ಅರಕಲಗೂಡು ಕಡೆಯ ಗೌಡರು ಬಂದರು. ನಾವು ಎಲೆ ಕಿತ್ತದ್ದು ಅವರ ಹೊಲದಲ್ಲೇ. ಹೊಸ ತಳಿಯ ಬೀಜ ಹಾಕಬಹುದೋ ಇಲ್ಲವೋ ಕೇಳಲು ಬಂದಿದ್ದರು. ಮೇಷ್ಟ್ರು ಖುಷಿಯಿಂದ ಪರದೆ ತೋರಿಸಿದರು. ಗೌಡರು ಬಗ್ಗಿ ನೋಡಿದರು. ಕನ್ನಡಕ ಹುಡುಕಿ ಹಾಕಿಕೊಂಡು ಮತ್ತೆ ನೋಡಿದರು.

“ಇದು ನಮ್ಮೊಲದ ಎಲೆನಾ ಅವ್ವಾ?”

“ಹೌದು ಗೌಡ್ರೇ.”

“ಬಾಲ ಎಲ್ಲೋದೋ?”

“ಯಾವ ಬಾಲ?” ಎಂದರು ಮೇಷ್ಟ್ರು.

“ಚುಕ್ಕೆಗೊಂದು ಬಾಲ ಇರ್ತದಲ್ಲ ಸಾ, ನರ ಇಡ್ಕೊಂಡು ದಂಟಿನ ಕಡಿಕೆ ಓಗೋದು. ಅಗಾ, ಅಲ್ಲೈತೆ ನೋಡಿ. ನೀವು ಗೆರೆಯಿಂದ ಆಚೆ ಬುಟ್ಟಿದೀರಿ.”

“ಅದು ಬಾಲ ಅಲ್ಲ ರೀ, ಸುಮ್ನೆ ಕೊಳೆ. ಸೇರಿಸಿದ್ರೆ ಆಕಾರ ಕೆಡುತ್ತೆ.”

“ಆಕಾರ ಕಟ್ಕೊಂಡು ಏನ್ಮಾಡಾನ ಸಾ? ಚುಕ್ಕೆ ಎಷ್ಟಾರ ಇರ್ಲಿ, ಎಲೆ ಉದುರುಸ್ಕಂಡು ಗಿಡ ಬದುಕ್ಕಂತದೆ. ಬಾಲ ದಂಟಿಗಿಳೀತೋ, ಓಯ್ತು ಕಣ್ಸಾ.” ಗೌಡರು ನಕ್ಕುಬಿಟ್ಟರು. “ಮೀಸೆ ಬೋಳ್ಸಿ ಮದ್ವೆಗಂಡು ಮಾಡ್ಬುಟ್ಟಿದೀರಲ್ಲಾ ಈ ರೋಗವಾ!”

ಮೇಷ್ಟ್ರು ನಗಲಿಲ್ಲ.

ಗೌಡರು ಹೋದ ಮೇಲೆ ಚಿತ್ರವನ್ನು ಎಂಟು ಪಟ್ಟು ದೊಡ್ಡದು ಮಾಡಿದೆ. ಹಳದಿ ಗೆರೆ ನುಣ್ಣಗೆ, ತಡೆಯಿಲ್ಲದೆ ಸುತ್ತಿಬಂದಿತ್ತು. ಅದರ ಹೊರಗೆ ನರದ ಗುಂಟ ಕಂದು ಎಳೆಗಳು ಓಡಿದ್ದವು. ಇನ್ನೊಂದು ಎಲೆ ತೆರೆದೆ, ಅದರಲ್ಲೂ. ಹತ್ತಾರು ತೆರೆದು ನೋಡಿದೆ. ಹೊಸ ತಳಿಯ ಎಲೆಗಳಲ್ಲೇ ಬಾಲ ಹೆಚ್ಚು. ಅಂದರೆ ಹೊಸ ತಳಿ ಗೆದ್ದದ್ದು ಮೇಷ್ಟ್ರ ಕೈಯಿಂದ. ಮೂವತ್ತು ವರ್ಷ ಮಕ್ಕಳಿಗೆ ಮಾವಿನೆಲೆ, ಹೂಜಿ, ನವಿಲು ಬರೆಸಿದ ಕೈ, ಕಂಡದ್ದನ್ನು ಚೆಂದಮಾಡದೆ ಬಿಡಲು ಅದಕ್ಕೆ ಬರುತ್ತಿರಲಿಲ್ಲ.

ಆ ಬಾಲಗಳನ್ನು ನಾನು ಮೊದಲೇ ನೋಡಿರಲಿಲ್ಲವೇ? ದಂಡಿಗನಹಳ್ಳಿಯ ರೈತರ ಮನೆಯಲ್ಲಿ ಹುಟ್ಟಿದವಳು ನಾನು, ರೋಗದ ಗಿಡ ಕಾಣದವಳಲ್ಲ. ನೋಡಿರಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡೆ. ಈಗ ನಂಬಿಕೆಯಿಲ್ಲ.

“ಪರವಾಗಿಲ್ಲ ಮೇಷ್ಟ್ರೇ, ಅಷ್ಟು ಸಣ್ಣದು ಲೆಕ್ಕಕ್ಕೆ ಬರೊಲ್ಲ” ಎಂದೆ.

“ನಿನ್ನ ಮುಖ ಹಾಗೆ ಹೇಳ್ತಿಲ್ಲ.”

“ಮತ್ತೆ ಮೊದಲಿಂದ ಎಳೆಯೋಕೆ ಟೈಮಿಲ್ಲ. ಇನ್ನೂರು ಎಲೆ!”

ಮೇಷ್ಟ್ರು ನನ್ನನ್ನು ಸಮಾಧಾನಪಡಿಸಿದರು, ತಪ್ಪೊಪ್ಪಿಕೊಂಡರು ಎಂದು ಬರೆದರೆ ಓದಲು ಹಿತವಾಗಿರುತ್ತದೆ. ಅವರು ಮೌಸನ್ನು ತಳ್ಳಿ, “ನಿನ್ನ ರೋಗ ನೀನೇ ಎಳ್ಕೊಳಮ್ಮ” ಎಂದು ಸಿಡುಕಿ, ಛತ್ರಿಯನ್ನೂ ಮರೆತು ಹೊರಟುಹೋದರು. ಎರಡು ದಿನ ಬರಲಿಲ್ಲ. ಆ ಎರಡು ದಿನ ನಾನು ಅವರು ಬರದಿರಲಿ ಎಂದುಕೊಂಡೆ. ಬರದಿದ್ದರೆ ಅಧ್ಯಾಯ ಇದ್ದಂತೆ ಇರುತ್ತಿತ್ತು. ಒಪ್ಪಿಸಿ ಕೈ ತೊಳೆದುಕೊಳ್ಳಬಹುದಿತ್ತು.

ಮೂರನೆಯ ದಿನ ಬಂದರು. ಛತ್ರಿ ಎಲ್ಲಿದೆ ಎಂದು ಕೇಳಿದರು. ಆಮೇಲೆ ಕುರ್ಚಿ ಎಳೆದುಕೊಂಡು, “ಮೊದಲನೇ ಎಲೆ ತೆಗಿ” ಎಂದರು.

ಎಳೆದ ಗೆರೆಯ ಮೇಲೆ ಒತ್ತಿದರೆ ಉದ್ದಕ್ಕೂ ಪುಟ್ಟ ಬಿಳಿ ಚೌಕಗಳು ಮೂಡುತ್ತವೆ. ಒಂದು ಚೌಕ ಹಿಡಿದು ಎಳೆದರೆ ಗೆರೆ ಅಷ್ಟರಮಟ್ಟಿಗೆ ಆಚೆ ಚಾಚುತ್ತದೆ, ಉಳಿದದ್ದು ಕದಲುವುದಿಲ್ಲ. ತೋರಿಸಿಕೊಟ್ಟೆ.

“ಇದು ಮೊದಲಿಂದ್ಲೂ ಇತ್ತಾ?”

“ಇತ್ತು.”

“ಯಾಕೆ ಹೇಳ್ಲಿಲ್ಲ?”

“ಗೆರೆ ತಿದ್ದಬಾರದು ಅಂತಿದ್ರಲ್ಲ.”

“ನಾನು ಅಂತೀನಿ. ನೀನು ಓದಿರೋಳು, ನಿನಗೇನಾಗಿತ್ತು?”

ಚಿತ್ರ ದೊಡ್ಡದು ಮಾಡಿ ಮೌಸನ್ನು ಅವರ ಕಡೆ ಸರಿಸಿದೆ.

ಹದಿನೇಳು ದಿನ ತಿದ್ದಿದರು. ಉಸಿರು ಹಿಡಿಯುವುದು ನಿಂತುಹೋಯಿತು, ಅದರ ಅಗತ್ಯವಿರಲಿಲ್ಲ. ಒಂದೊಂದು ಚೌಕವನ್ನೂ ಹಿಡಿದು ನರದ ಗುಂಟ ಎಳೆಯುವುದು, ಬಿಡುವುದು, ಮುಂದಿನದು. ಹೂ ಕಟ್ಟುವಷ್ಟು ಬೇಸರದ ಕೆಲಸ. ಬೈದುಕೊಂಡೇ ಮಾಡುತ್ತಿದ್ದರು. “ಥೂ, ಇದೇನು ಗೆರೆಯಾ? ಹರಿದ ಚಾಪೆ ಅಂಚು.” ಆದರೂ ಒತ್ತಿಟ್ಟಿದ್ದ ಒಣ ಎಲೆಗಳನ್ನು ನನ್ನಿಂದ ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಪರದೆಗೆ ತಾಳೆ ಹಾಕಿ, ಆಮೇಲೆ ಮುಂದಕ್ಕೆ ಹೋಗುತ್ತಿದ್ದರು. ಹಳೆಯ ಗೆರೆಗಳನ್ನು ಅಳಿಸಲು ಬಿಡಲಿಲ್ಲ. ಬೇರೆ ಹೆಸರಿನಲ್ಲಿ ಉಳಿಸಿದೆವು. “ಎರಡೂ ಇರ್ಲಿ. ಕೇಳಿದವರಿಗೆ ತೋರಿಸು” ಎಂದರು.

ಎರಡು ತಳಿಗಳ ನಡುವಿನ ವ್ಯತ್ಯಾಸ ಕರಗಿಹೋಯಿತು. ಮಾರ್ಗದರ್ಶಕರು ನಾಲ್ಕು ದಿನ ಮಾತಾಡಿಸಲಿಲ್ಲ. ಹೊಸ ಅಧ್ಯಾಯ ಬರೆಯುವಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು. ಪ್ರಬಂಧ ಮರುವರ್ಷ ಒಪ್ಪಿಸಿದೆ. ಯಾರೂ ಅಷ್ಟಾಗಿ ಓದಲಿಲ್ಲ. ಗೌಡರಿಗೆ ಮಾತ್ರ ಹೊಸ ಬೀಜ ಬೇಡವೆಂದು ಹೇಳಿಕಳಿಸಿದೆ. “ಅಂಗನ್ನಿ ಮತ್ತೆ” ಎಂದರಂತೆ.

ಮೇಷ್ಟ್ರು ಆಮೇಲೆ ಬರಲಿಲ್ಲ. ಕಣ್ಣಿಗೆ ಆಪರೇಷನ್ ಆಯಿತೆಂದು ಕೇಳಿದೆ. ನೋಡಲು ಹೋಗಬೇಕೆಂದುಕೊಂಡೆ, ಹೋಗಲಿಲ್ಲ. ಹೊಳೆನರಸೀಪುರ ಹಾಸನಕ್ಕೆ ದೂರವೇನಲ್ಲ.

ಅವರು ತೀರಿಕೊಂಡದ್ದು ತಿಳಿದು ವೈಕುಂಠ ಸಮಾರಾಧನೆಯ ದಿನ ಹೋದೆ. ಅವರ ಹೆಂಡತಿ ಒಳಮನೆಯ ಗೋಡೆಗೆ ಒರಗಿ ಕೂತಿದ್ದರು.

“ನೀನೇನಮ್ಮಾ ಆಲೂಗೆಡ್ಡೆ ಹುಡುಗಿ?”

“ಹೌದಮ್ಮ.”

ಪಕ್ಕದಲ್ಲಿ ಕೂರಿಸಿಕೊಂಡರು. ಬಂದವರೆಲ್ಲ ಮೇಷ್ಟ್ರ ಕೈಯನ್ನು ಹೊಗಳುತ್ತಿದ್ದರು, ಅಂಥ ಗೆರೆ ಇನ್ನು ಹುಟ್ಟುವುದಿಲ್ಲ ಎನ್ನುತ್ತಿದ್ದರು. ಆಕೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: “ನಿನ್ನ ಕೆಲಸದಲ್ಲಿ ಅವರ ಕೈ ಸರಿಯಾಗಿತ್ತಾ?”

ಸರಿಯಾಗಿತ್ತು ಎನ್ನಲು ಬಾಯಿ ತೆರೆದೆ. ಸಾವಿನ ಮನೆ. ಹಾಗೆಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

“ಇರಲಿಲ್ಲ ಅಮ್ಮ” ಎಂದೆ. “ಇನ್ನೂರು ಎಲೆ ತಪ್ಪಾಗಿತ್ತು. ತಿದ್ದೋದು ನನಗೆ ಬೇಡವಾಗಿತ್ತು, ಅವರೇ ಕೂತು ಎಲ್ಲಾ ತಿದ್ದಿದರು.”

“ಹಾಗೇ ಹೇಳ್ತಿದ್ರು ಅವರೂನೂ. ನಿನಗೆ ಬೇಡವಾಗಿತ್ತು ಅನ್ನೋದೊಂದನ್ನ ಹೇಳಿರಲಿಲ್ಲ” ಎಂದರು. ಆಮೇಲೆ ನನ್ನ ಮೊಣಕೈ ಹಿಡಿದು ಎಬ್ಬಿಸಿದರು. “ಏಳು, ಎಲೆ ಹಾಕಿದ್ದಾರೆ. ಊಟ ಮಾಡು.”